ಒಂದು ವಾಟೆ ಕೋಲು ಸಾಕು

ನನ್ನ ಹೆಂಡತಿಯ ತವರಿನಲ್ಲಿ ಈಗಲೂ ಒಂದು ಮಾತು ಓಡಾಡುತ್ತಿದೆ: ಭಾವ ಮೀನು ಹಿಡಿಯೋಕೆ ಅಂತ ಕರೆದುಕೊಂಡು ಹೋಗಿ ಹುಡುಗನನ್ನು ಕೆಸರಲ್ಲಿ ಹುಗಿದು ಬರುತ್ತಿದ್ದ ಅಂತ. ಆ ಹುಡುಗ ನನ್ನ ಬಾಮೈದ, ನಲವತ್ತರ ಹತ್ತಿರ ವಯಸ್ಸು. ನಡೆದದ್ದೇನು ಅಂತ ಬರೆದುಬಿಡುತ್ತೇನೆ. ಶರಾವತಿ ಹಿನ್ನೀರಿಗೆ ಗಾಳ ಹಿಡಿದು ಬರುವ ಪೇಟೆಯವರಿಗೂ ಉಪಯೋಗವಾದೀತು.

ಅಜ್ಜನ ಕಾಲದಲ್ಲಿ ಶಿಕಾರಿ ಅಂದರೆ ಕೋವಿ, ನಾಯಿ, ಪಾಲು, ಪಾಲಿಗಾಗಿ ಜಗಳ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿಯಿತು, ಮುಗಿದದ್ದು ಒಳ್ಳೆಯದೇ. ನನಗೆ ಉಳಿದದ್ದು ಗಾಳ. ವಾಟೆ ಬಿದಿರಿನ ಕೋಲು, ಅದರುದ್ದಕ್ಕೆ ಸರಿಯಾಗಿ ತಂಗೂಸು, ನವಿಲುಗರಿ ದಂಟಿನ ಬೆಂಡು, ಒಂದು ಚೂರು ಸೀಸ, ಬೆಂಕಿಪೊಟ್ಟಣದಲ್ಲಿ ಮೂರ್ನಾಲ್ಕು ಗಾಳ. ತೆಂಗಿನ ಕರಟದಲ್ಲಿ ಹಸಿಮಣ್ಣು, ಅದರೊಳಗೆ ಎರೆಹುಳು, ಬಿಸಿಲು ತಾಗದಂತೆ ಮೇಲೊಂದು ಕೆಸುವಿನೆಲೆ. ಬಗಲಲ್ಲಿ ಅವಲಕ್ಕಿ, ಬೆಲ್ಲ, ನೀರು. ಬರಿಗಾಲು. ಒಂದು ಸಾರಿಗಾಗುವಷ್ಟು ಸಿಕ್ಕರೆ ಎದ್ದು ಬರುವುದು.

ಬಾಮೈದ ಬಂದದ್ದು ಮೇ ಕೊನೆಯಲ್ಲಿ, ಕಾರಿನ ಡಿಕ್ಕಿ ತುಂಬಿಸಿಕೊಂಡು. ಕಾರ್ಬನ್ ರಾಡು, ರೀಲುಗಳು, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು, ಮಡಚುವ ಕುರ್ಚಿ, ಮೊಣಕಾಲುದ್ದದ ಗಂಬೂಟು. "ನೀವಿನ್ನೂ ಕೋಲು ಹಿಡ್ಕೊಂಡೇ ಕೂತಿದೀರಲ್ಲ ಭಾವ" ಅಂದ. ನಾನು ಸುಮ್ಮನಿದ್ದೆ.

ಈ ಹಿನ್ನೀರು ನಿಲ್ಲಿಸಿರುವ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಮಟ್ಟ 1819 ಅಡಿ. ಬೇಸಿಗೆಯಲ್ಲಿ ನೀರು ಇಳಿದಂತೆ 1964ರಲ್ಲಿ ಮುಳುಗಿದ ಮರಗಳ ಬೊಡ್ಡೆ, ಹಳೇ ರಸ್ತೆ ಒಂದೊಂದಾಗಿ ಮೇಲೆ ಬರುತ್ತವೆ. ನೀರು ತೀರಾ ತಳ ಕಂಡ ವರ್ಷ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಎದ್ದು ನಿಲ್ಲುತ್ತದೆ. ನೋಡುವವರಿಗೆ ಚಂದ. ಆದರೆ ಹಿಂದೆ ಹಳ್ಳ ಹರಿಯುತ್ತಿದ್ದ ಜಾಗದಲ್ಲಿ ನೆಲ ಹಪ್ಪಳದ ಹಾಗೆ ಮೇಲಷ್ಟೇ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಳಗೆಲ್ಲ ಹೂಳು.

"ಬೊಡ್ಡೆ ಸಾಲು ಬಿಟ್ಟು ಆಚೆ ಹೋಗಬೇಡ, ಅಲ್ಲಿ ಹಳ್ಳ ಇತ್ತು" ಅಂತ ಬಾಮೈದನಿಗೆ ಹೇಳಿದ್ದೆ. ಇದನ್ನು ಮಾತ್ರ ಅವರ ಮನೆಯಲ್ಲಿ ಯಾರೂ ಹೇಳುವುದಿಲ್ಲ. ನೀರಂಚಿನಲ್ಲಿ ದೊಡ್ಡ ಮೀನೊಂದು ಪಳಕ್ಕನೆ ಎದ್ದಿತು. ಬ್ಯಾಗು ಬೆನ್ನಿಗೆ, ಕುರ್ಚಿ ಕೈಗೆ, ಹೊರಟೇಬಿಟ್ಟ. ಮೂರು ಹೆಜ್ಜೆ ಇಡುವಷ್ಟರಲ್ಲಿ ಹಿಮ್ಮಡಿ ಮುಳುಗಿತು. ನಕ್ಕ. ಬಲಗಾಲು ಕೀಳಲು ಹೋದ, ಭಾರವೆಲ್ಲ ಎಡಗಾಲಿಗೆ ಬಿದ್ದು ಅದು ಮೊಣಕಾಲಿನವರೆಗೆ ಇಳಿಯಿತು. ಗಂಬೂಟಿನ ಬಾಯಿಯಿಂದ ಕಪ್ಪು ಕೆಸರು ಗುಳುಗುಳು ಒಳಗಿಳಿಯಿತು. ಆಮೇಲೆ ನಗಲಿಲ್ಲ. ಎಳೆದಷ್ಟೂ ಕೆಳಗೆ. ತೊಡೆ ಮುಳುಗುವ ಹೊತ್ತಿಗೆ ನನ್ನನ್ನು ಭಾವ ಅನ್ನುವುದು ಬಿಟ್ಟು "ಅಮ್ಮಾ" ಅನ್ನತೊಡಗಿದ. ನಾನು ಅತ್ತ ಕಾಲಿಟ್ಟೆ, ನನ್ನದೂ ಮೀನಖಂಡದವರೆಗೆ ಹೋಯಿತು. ಹಿಂದೆ ಸರಿದೆ. ಫೋನಿಗೆ ಸಿಗ್ನಲ್ ಇಲ್ಲ.

"ಬ್ಯಾಗು ಬಿಸಾಡು" ಅಂದರೆ, "ರೀಲು ಇದೆ ಭಾವ ಅದರಲ್ಲಿ!" ಸೊಂಟದ ಹತ್ತಿರ ಕೆಸರು ಬಂದರೂ ರೀಲಿನ ಚಿಂತೆ. ಅಷ್ಟರಲ್ಲಿ ದೂರದಲ್ಲಿ ತೆಪ್ಪದಲ್ಲಿದ್ದ ಒಬ್ಬರು ಕೂಗಿದರು: "ಎಳೀಬ್ಯಾಡಿ, ಹಿಂದಕ್ಕೆ ಮಲಗಿ!" ಬ್ಯಾಗು ಕಳಚಿದ. ಕುರ್ಚಿಯನ್ನು ಬಿಡಿಸಿ ಬೆನ್ನಿನ ಹಿಂದೆ ಹಾಸಿಕೊಳ್ಳಲು ಹೇಳಿ, ಅದರ ಮೇಲೆ ಒರಗಿಸಿದೆ. (ಕುರ್ಚಿ ಕೆಲಸಕ್ಕೆ ಬಂತು, ಇಲ್ಲವೆನ್ನುವುದಿಲ್ಲ.) ನಾನು ಹೊಟ್ಟೆಯ ಮೇಲೆ ಮಲಗಿ ವಾಟೆ ಕೋಲಿನ ಬುಡ ಚಾಚಿದೆ. ಕಾಲನ್ನು ಬೂಟಿನೊಳಗೇ ಅತ್ತಿತ್ತ ಅಲುಗಿಸುತ್ತ, ನೀರು ಒಳಗೆ ನುಗ್ಗಲು ಬಿಟ್ಟು, ಬೆರಳುಬೆರಳಾಗಿ ಬಿಡಿಸಿಕೊಂಡ. ಬೂಟು ಅಲ್ಲೇ ಉಳಿಯಿತು. ಅವನು ಗಟ್ಟಿನೆಲಕ್ಕೆ ಹೊರಳುವ ಹೊತ್ತಿಗೆ ಸೂರ್ಯ ಗುಡ್ಡದಾಚೆ ಹೋಗಿದ್ದ.

ಅಲ್ಲೊಂದು ಎಚ್ಚರಿಕೆಯ ಬೋರ್ಡು ಹಾಕಿಸಿ ಅಂತ ಕೇಳಲು ಆಮೇಲೆ ಕಚೇರಿಯೊಂದಕ್ಕೆ ಹೋದೆ. ಮೇಜಿನ ಹಿಂದಿದ್ದವರು ತಲೆ ಎತ್ತದೆ, "ಅದು ನಮಗೆ ಬರೋಲ್ಲ" ಅಂದರು. ಯಾರಿಗೆ ಬರುತ್ತದೆಂದು ಹೇಳಲಿಲ್ಲ.

ತಿಳಿದುಕೊಳ್ಳಬೇಕಾದದ್ದು ಹೆಚ್ಚೇನಿಲ್ಲ. ದನದ ಗೊರಸಿನ ಗುರುತು ಇದ್ದಲ್ಲಿ ನಡೆಯಿರಿ, ಇಲ್ಲದ ಕಡೆ ಕೋಲಿನಿಂದ ಚುಚ್ಚಿ ನೋಡಿ. ಬರಿಗಾಲಿಗೆ ನೆಲದ ತಂಪು, ಮೆದುತನ ಮೊದಲೇ ತಿಳಿಯುತ್ತದೆ, ರಬ್ಬರಿಗೆ ತಿಳಿಯುವುದಿಲ್ಲ. ಅಭಯಾರಣ್ಯದ ಗಡಿಯೊಳಗೆ ಗಾಳ ಬೇಡ. ಮುಂಗಾರು ಹಿಡಿದ ಮೇಲೆ ಮೊಟ್ಟೆ ತುಂಬಿದ ಮೀನು ನೀರಿಗೆದುರು ಹತ್ತುತ್ತವೆ, ಆಗ ಅವನ್ನು ಬಿಟ್ಟುಬಿಡಿ. ಕೋಲು ಊರಲ್ಲೇ ಸಿಗುತ್ತದೆ, ಡಿಕ್ಕಿ ತುಂಬಿಸಿ ತರಬೇಕಾಗಿಲ್ಲ.

ಮೇ ತಿಂಗಳಲ್ಲಿ ಬರುವವರು ದಯವಿಟ್ಟು ಒಬ್ಬರೇ ಇಳಿಯಬೇಡಿ. ಹಳ್ಳ ಎಲ್ಲಿ ಹರಿಯುತ್ತಿತ್ತು ಅಂತ ದಡದ ಮನೆಯವರನ್ನೋ ತೆಪ್ಪದವರನ್ನೋ ಕೇಳಿ. ಅವರು ಬೆರಳು ಮಾಡಿ ತೋರಿಸುತ್ತಾರೆ.