ದಾರಿ ಬದಲಿಸುವಾಗ ಜೊತೆಗೊಬ್ಬರು ಬೇಕೇ?

ಪ್ರಶ್ನೆ: ನನಗೀಗ 46. ಇಪ್ಪತ್ತೆರಡು ವರ್ಷ ಬೆಂಗಳೂರಿನ ಕಂಪನಿಗಳಲ್ಲಿ ದುಡಿದೆ. ಮೂರು ತಿಂಗಳ ಹಿಂದೆ ಕೆಲಸ ಹೋಯಿತು. ಊರಿನಲ್ಲಿ ನಾಲ್ಕು ಎಕರೆ ತೆಂಗಿನ ತೋಟವಿದೆ, ಅಪ್ಪನಿಗೆ ವಯಸ್ಸಾಗಿದೆ. ಊರಿಗೆ ಬಂದುಬಿಡಲೋ, ಇನ್ನೊಂದು ಕೆಲಸ ಹುಡುಕಲೋ ತೋಚುತ್ತಿಲ್ಲ. ಗೆಳೆಯರೊಬ್ಬರು ‘ಕೆರಿಯರ್ ಕೋಚ್’ ಹತ್ತಿರ ಹೋಗು ಅನ್ನುತ್ತಾರೆ. ದುಡ್ಡು ಕೊಟ್ಟು ಬುದ್ಧಿ ಹೇಳಿಸಿಕೊಂಡರೆ ಉಪಯೋಗವಿದೆಯೇ?
— ಚನ್ನರಾಯಪಟ್ಟಣ ತಾಲ್ಲೂಕಿನ ಓದುಗರು, ಬೆಂಗಳೂರು

ಉತ್ತರ: ಬುದ್ಧಿ ಹೇಳಿಸಿಕೊಳ್ಳುವುದಕ್ಕಾದರೆ ದುಡ್ಡು ಕೊಡಬೇಡಿ. ಹೇಳುವವರು ಮನೆಯಲ್ಲೇ ಇದ್ದಾರೆ, ಅವರ ಪ್ರೀತಿ ದೊಡ್ಡದು. ಆದರೆ ನಿಮ್ಮ ತೀರ್ಮಾನದಲ್ಲಿ ಅವರೆಲ್ಲರಿಗೂ ಒಂದೊಂದು ಪಾಲಿದೆ. ತಾಯಿಗೆ ಮಗ ಹತ್ತಿರವಿರಲಿ ಎಂಬ ಆಸೆ, ಹೆಂಡತಿಗೆ ಮಕ್ಕಳ ಸ್ಕೂಲಿನ ಚಿಂತೆ. ನೀವು ಯಾವ ಕಡೆ ಹೋದರೂ ಲಾಭ ನಷ್ಟವಿಲ್ಲದ ಒಬ್ಬರ ಮುಂದೆ ಕೂತು ಮಾತಾಡುವುದು ಬೇರೆಯೇ ಅನುಭವ. ಕೋಚ್‌ಗೆ ಹಣ ಕೊಡುವುದಾದರೆ ಅದಕ್ಕಾಗಿ ಕೊಡಬೇಕು.

ಹಾಸನದಲ್ಲಿ ಕೋಚಿಂಗ್ ಅಂದರೆ ಸಿಇಟಿ, ನೀಟ್ ಪಾಠ. ಇದು ಅದಲ್ಲ, ಇಲ್ಲಿ ಪಾಠವೇ ಇಲ್ಲ. ಒಳ್ಳೆಯ ಕೋಚ್ ಕೇಳುವುದೇ ಹೆಚ್ಚು. ಊರಿಗೆ ಬಂದರೆ ಸೋಮವಾರ ಬೆಳಗ್ಗೆ ಏನು ಮಾಡುತ್ತಿರುತ್ತೀರಿ? ‘ತೋಟ ನೋಡಿಕೊಳ್ಳುತ್ತೇನೆ’ ಅನ್ನುತ್ತೀರಿ. ಎಳನೀರು ಮಾರುತ್ತೀರೋ, ಕಾಯಿಯೋ, ಅಟ್ಟಕ್ಕೆ ಹಾಕಿ ಉಂಡೆ ಕೊಬ್ಬರಿ ಮಾಡುತ್ತೀರೋ? ಕೊಬ್ಬರಿಯಾದರೆ ಅಟ್ಟದ ಕಾಯಿ ಹಣವಾಗಲು ಹತ್ತು ಹನ್ನೊಂದು ತಿಂಗಳು ಬೇಕು, ಅಲ್ಲಿಯವರೆಗೆ ಮನೆ ಖರ್ಚು ಹೇಗೆ? ಮರ ಹತ್ತುವವರು ಊರಲ್ಲಿ ಎಷ್ಟು ಜನ ಉಳಿದಿದ್ದಾರೆ? ಎಲ್ಲಿ ನಿಮ್ಮ ಬಾಯಿಂದ ‘ಗೊತ್ತಿಲ್ಲ’ ಬಂತೋ ಅಲ್ಲಿಗೆ ಮುಂದಿನ ವಾರದ ಕೆಲಸ ಸಿಕ್ಕಿತು. ಆಮೇಲೆ ಇನ್ನೂ ಕಷ್ಟದ ಪ್ರಶ್ನೆ ಬರುತ್ತದೆ: ತೋಟ ನಿಮಗೆ ಬೇಕೋ, ಅಥವಾ ಇನ್ನೊಂದು ಇಂಟರ್‌ವ್ಯೂನಲ್ಲಿ ಬೇಡ ಅನ್ನಿಸಿಕೊಳ್ಳುವ ಭಯಕ್ಕೆ ತೋಟ ನೆನಪಾಗುತ್ತಿದೆಯೋ?

ಅಮೆರಿಕದ ವಿಲಿಯಂ ಬ್ರಿಡ್ಜಸ್ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಿದ್ದವರು. ಆ ಕೆಲಸ ಬಿಟ್ಟು, ಬದುಕಿನ ಇಂಥ ತಿರುವುಗಳ ಬಗ್ಗೆಯೇ 1980ರಲ್ಲಿ ಪುಸ್ತಕ ಬರೆದರು. ಹಳೆಯದು ಮುಗಿದು ಹೊಸದು ಶುರುವಾಗದ ನಡುವಿನ ಕಾಲವೊಂದು ಇದ್ದೇ ಇರುತ್ತದೆ, ಅದನ್ನು ಹಾರಿ ದಾಟಲು ಆಗುವುದಿಲ್ಲ ಎಂಬುದು ಅವರ ವಾದ. ನೀವೀಗ ಅಲ್ಲೇ ಇದ್ದೀರಿ. ತೋಚದಿರುವುದು ನಿಮ್ಮ ದೌರ್ಬಲ್ಯವಲ್ಲ.

ನಮ್ಮ ಹಾಸನ ಜಿಲ್ಲೆಯನ್ನೇ ನೋಡಿ. ಅರಕಲಗೂಡಿಗೆ ಹೋಗುವ ದಾರಿಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 1971ರ ಯುದ್ಧ ಕಂಡವರು. ಮೂವತ್ತರೊಳಗೇ ಸೈನ್ಯ ಬಿಟ್ಟರು. ಮನೆಯ ಜಮೀನು ಹೇಮಾವತಿ ಅಣೆಕಟ್ಟಿನ ನೀರಿಗೆ ಹೋಗಿತ್ತು. ಬದಲಿಗೆ ಜಾವಗಲ್ ಕಡೆ ಸಿಕ್ಕ ಬರಡು ನೆಲದಲ್ಲಿ ಟೆಂಟು ಹಾಕಿಕೊಂಡು ಕೂತರು. ತೆಂಗು, ಹಸು, ರೇಷ್ಮೆ, ಹಾಸನದಲ್ಲಿ ಬೈಕ್ ಡೀಲರ್‌ಶಿಪ್, ಹೋಟೆಲು ಎಲ್ಲವನ್ನೂ ಮಾಡಿ ನೋಡಿದರು. ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು, ಅವರ ವಿಮಾನ ಕಂಪನಿ ಏರ್ ಡೆಕ್ಕನ್ ಹಾರಿದ್ದು 2003ರಲ್ಲಿ. ನಾವು ವಿಮಾನವನ್ನು ನೆನಪಿಟ್ಟುಕೊಂಡು ನಡುವಿನ ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಮರೆಯುತ್ತೇವೆ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿಗಳು ಪೂರ್ವಾಶ್ರಮದಲ್ಲಿ ಶಾಲಾ ಮೇಷ್ಟರು. ಕಾರ್ಯಾಲಯ ತೆರೆದದ್ದು 1920ರಲ್ಲಿ, ಸನ್ಯಾಸ ತೆಗೆದುಕೊಂಡದ್ದು 1948ರಲ್ಲಿ. ಮೂರು ತಿಂಗಳಿಗೇ ನಿಮ್ಮನ್ನು ನೀವು ಹಳಿದುಕೊಳ್ಳುತ್ತಿದ್ದರೆ ಈ ಲೆಕ್ಕ ನೆನಪಿರಲಿ.

ಕೋಚ್ ಆರಿಸುವಾಗ ಮಾತ್ರ ಹುಷಾರು. ನಮ್ಮಲ್ಲಿ ಯಾರು ಬೇಕಾದರೂ ಈ ಬೋರ್ಡು ಹಾಕಿಕೊಳ್ಳಬಹುದು, ಸರ್ಕಾರದ ಪರವಾನಗಿ ಇಲ್ಲ. 1995ರಲ್ಲಿ ಶುರುವಾದ ಅಂತರರಾಷ್ಟ್ರೀಯ ಕೋಚಿಂಗ್ ಫೆಡರೇಷನ್ನಿನ ಮೊದಲ ಹಂತದ ಮಾನ್ಯತೆಗೇ 60 ಗಂಟೆ ತರಬೇತಿ, 100 ಗಂಟೆ ಅಭ್ಯಾಸ ಆಗಿರಬೇಕು. ಎಲ್ಲಿ ಕಲಿತಿರಿ, ಎಷ್ಟು ಗಂಟೆ ಮಾಡಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಕೆಲಸ ಗ್ಯಾರಂಟಿ ಅಂದರೆ ಎದ್ದು ಬನ್ನಿ. ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದು ಕೋಚ್ ಕೈಯಲ್ಲಿ ಆಗುವ ಕೆಲಸವಲ್ಲ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಇವತ್ತೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ. ಇನ್ನು ತೆಂಗಿನ ರೋಗ, ಅಂತರ ಬೆಳೆ ಇಂಥದ್ದಕ್ಕೆ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿ ಸಿಗುವ ಉತ್ತರವನ್ನು ಬೆಂಗಳೂರಿನ ಕೋಚ್ ಹತ್ತಿರ ಹುಡುಕಬೇಡಿ.

ಬೆಂಗಳೂರಿನ ಮನೆ ಖಾಲಿ ಮಾಡುವ ಮೊದಲು ಮೂರು ತಿಂಗಳು ಶನಿವಾರ ಭಾನುವಾರ ಊರಿಗೆ ಹೋಗಿ ಬನ್ನಿ. 2017ರಿಂದ ಚನ್ನರಾಯಪಟ್ಟಣಕ್ಕೆ ನೇರ ರೈಲಿದೆ. ಗೊಬ್ಬರ, ಕೂಲಿ, ಕರೆಂಟು, ಕಾಯಿಯ ರೇಟು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೋಚ್ ಹತ್ತಿರ ಹೋಗುವಾಗ ಅದು ಕೈಯಲ್ಲಿರಲಿ.

ಇನ್ನೊಂದು ಮಾತು. ಅಪ್ಪನಿಗೆ ವಯಸ್ಸಾಗಿದೆ ಎಂದು ಬರೆದಿದ್ದೀರಿ. ನೀವು ಊರಿಗೆ ಬರುವ ವಿಷಯಕ್ಕೆ ಅವರು ಏನಂದರು ಎಂದು ಬರೆದಿಲ್ಲ. ಈ ಶನಿವಾರ ಹೋದಾಗ ಕೇಳಿಕೊಂಡು ಬನ್ನಿ.