ವಿದ್ಯಾರ್ಥಿಯ ಪ್ರಾತಃಕಾಲ

‘ನಸುಕಿನಲ್ಲಿ ಏಳಬೇಕು’ ಎಂಬ ಉಪದೇಶವನ್ನು ಕೇಳದ ವಿದ್ಯಾರ್ಥಿಯು ನಮ್ಮ ಶಾಲೆಯಲ್ಲಿ ಒಬ್ಬನೂ ಇರಲಾರನು. ಮನೆಯಲ್ಲಿ ಹಿರಿಯರು ಅದನ್ನೇ ಹೇಳುತ್ತಾರೆ. ಶಾಲೆಯಲ್ಲಿ ನಾವೂ ಅದನ್ನೇ ಹೇಳುತ್ತೇವೆ. ಆದರೆ ಏಕೆ ಏಳಬೇಕು, ಎಷ್ಟು ಹೊತ್ತಿಗೆ ಏಳಬೇಕು, ಎದ್ದು ಏನು ಮಾಡಬೇಕು ಎಂಬುದನ್ನು ವಿವರಿಸಿ ಹೇಳುವವರು ಕಡಿಮೆ. ಈ ವರ್ಷದ ಸಂಚಿಕೆಯಲ್ಲಿ ಆ ವಿಷಯವನ್ನು ವಿದ್ಯಾರ್ಥಿಗಳೊಡನೆಯೂ ಅವರ ಪಾಲಕರೊಡನೆಯೂ ಸ್ವಲ್ಪ ವಿಚಾರಿಸಬೇಕೆಂದು ಬಯಸಿದ್ದೇವೆ. ನಾವು ಒಮ್ಮೆ ಈ ವಿಷಯದಲ್ಲಿ ತಪ್ಪಿದ್ದೆವು. ಆ ತಪ್ಪಿನಿಂದಲೇ ಪಾಠವನ್ನು ಆರಂಭಿಸುವುದು ಉಚಿತ.

ನಮ್ಮ ಅಪ್ಪಣೆ

ಕೆಲವು ವರ್ಷಗಳ ಹಿಂದೆ, ಪರೀಕ್ಷೆಗಳು ಸಮೀಪಿಸುತ್ತಿದ್ದ ಒಂದು ಜನವರಿ ತಿಂಗಳಲ್ಲಿ, ಪ್ರಾರ್ಥನೆಯ ವೇಳೆಗೆ ನಾವು ಒಂದು ಅಪ್ಪಣೆ ಮಾಡಿದೆವು: ಪ್ರೌಢ ವರ್ಗಗಳ ಮಕ್ಕಳೆಲ್ಲ ನಾಲ್ಕು ಗಂಟೆಗೆ ಎದ್ದು ಅಭ್ಯಾಸಕ್ಕೆ ಕುಳಿತುಕೊಳ್ಳತಕ್ಕದ್ದು. ಮಕ್ಕಳು ವಿಧೇಯರು, ಎದ್ದರು. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಮೊದಲನೆಯ ತಾಸಿನಲ್ಲಿಯೇ ಆಕಳಿಕೆಗಳು ಹೆಚ್ಚಾದವು. ಎಂಟನೆಯ ವರ್ಗದ ಒಬ್ಬ ಹುಡುಗಿಯಂತೂ ಗಣಿತದ ಪಾಠ ನಡೆದಿರುವಾಗಲೇ ಬಾಕಿನ ಮೇಲೆ ತಲೆಯಿಟ್ಟು ನಿದ್ರಿಸಿದಳು. ನಾವು ಅವಳನ್ನು ಎಲ್ಲರೆದುರು ಗದರಿಸಿದೆವು.

ಮರುದಿನ ಅವಳ ತಾಯಿ ಶಾಲೆಗೆ ಬಂದರು. ಸಿಟ್ಟಿನಿಂದ ಬಂದವರಲ್ಲ, ಮೆಲ್ಲನೆ ಹೀಗೆಂದರು: “ನಾಕಕ್ಕ ಏಳಂತ ನೀವು ಹೇಳಿದ್ರಿ, ಗುರುಗಳ. ಎಷ್ಟಕ್ಕ ಮಲಗಬೇಕಂತ ಹೇಳಲಿಲ್ಲ.”

ವಿಚಾರಿಸಿದಾಗ ತಿಳಿದುದಿಷ್ಟು. ಹುಡುಗಿಯು ನಾಲ್ಕಕ್ಕೆ ಏಳುತ್ತಿದ್ದಳು ನಿಜ. ಆದರೆ ಅಂಗಳ ಗುಡಿಸಿ, ನಳಕ್ಕೆ ಹೋಗಿ ನೀರು ತುಂಬಿ, ತಾಯಿಗೆ ರೊಟ್ಟಿ ಬಡಿಯಲು ನೆರವಾಗಿ, ಪುಸ್ತಕದ ಮುಂದೆ ಕೂಡ್ರುವಾಗ ಏಳು ಹೊಡೆಯುತ್ತಿತ್ತು. ರಾತ್ರಿ ಪಾತ್ರೆ ತೊಳೆದು ಮಲಗುವಾಗ ಹನ್ನೊಂದು. ಅವಳಿಗೆ ದೊರೆಯುತ್ತಿದ್ದ ನಿದ್ರೆ ಐದೇ ತಾಸು. ಅವಳ ಅಣ್ಣನೂ ನಮ್ಮ ವಿದ್ಯಾರ್ಥಿಯೇ. ಅವನು ನಾಲ್ಕಕ್ಕೆ ಎದ್ದವನು ಏಳರವರೆಗೂ ನಿಶ್ಚಿಂತೆಯಿಂದ ಓದುತ್ತಿದ್ದನು. ಒಂದೇ ಅಪ್ಪಣೆ ಒಂದೇ ಮನೆಯಲ್ಲಿ ಒಬ್ಬನಿಗೆ ವರವಾಗಿ, ಒಬ್ಬಳಿಗೆ ಶಿಕ್ಷೆಯಾಗಿ ಪರಿಣಮಿಸಿತ್ತು. ಅದನ್ನು ನಾವು ಕೇಳಿ ತಿಳಿದುಕೊಳ್ಳಬೇಕಾಗಿತ್ತು, ಕೇಳಲಿಲ್ಲ.

ನಿದ್ರೆಯ ಲೆಕ್ಕ

ಬೆಳಗು ಹಿಂದಿನ ರಾತ್ರಿಯಲ್ಲಿ ಆರಂಭವಾಗುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು, ಹದಿಮೂರರಿಂದ ಹದಿನೆಂಟು ವರ್ಷದವರಿಗೆ 8ರಿಂದ 10 ತಾಸು ನಿದ್ರೆ ಬೇಕೆಂದು ಅಮೇರಿಕೆಯ ನಿದ್ರಾವೈದ್ಯಕೀಯ ಅಕಾಡೆಮಿಯು 2016ರಲ್ಲಿ ನಿರ್ಣಯಿಸಿದೆ. ನಿದ್ರೆಯು ವ್ಯರ್ಥ ಕಾಲವೆಂದು ಯಾರೂ ಭಾವಿಸಬಾರದು. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೆ ನಿದ್ರೆಯ ಸಹಾಯ ಬೇಕು. ನಿದ್ರೆಗೆಟ್ಟು ಓದುವವನು ಒಂದು ಕೈಯಿಂದ ಬಿತ್ತಿ ಇನ್ನೊಂದು ಕೈಯಿಂದ ಕೆದರುವವನಂತೆ.

ಆದ್ದರಿಂದ ಲೆಕ್ಕವನ್ನು ಹಿಂದಕ್ಕೆ ಹಾಕಬೇಕು. ಹದಿನಾಲ್ಕು ವರ್ಷದ ವಿದ್ಯಾರ್ಥಿಯು ಐದೂವರೆಗೆ ಏಳಬೇಕಾದರೆ ಒಂಬತ್ತೂವರೆಯೊಳಗೆ ಮಲಗಿರಲೇಬೇಕು. ಹತ್ತು ವರ್ಷದ ಮಗುವು ಆರಕ್ಕೆ ಏಳಬೇಕಾದರೆ ಒಂಬತ್ತಕ್ಕೆ ನಿದ್ರೆ ಹತ್ತಿರಬೇಕು. ಇದು ಸಾಧ್ಯವಾಗದ ಮನೆಯಲ್ಲಿ ಮಗುವನ್ನು ತಡವಾಗಿ ಎಬ್ಬಿಸುವುದೇ ಮೇಲು. ಮಹಾರಾಷ್ಟ್ರ ಸರಕಾರವು ಸಹ 2024ರ ಫೆಬ್ರುವರಿಯಲ್ಲಿ, ನಾಲ್ಕನೆಯ ವರ್ಗದವರೆಗಿನ ತರಗತಿಗಳು ಬೆಳಿಗ್ಗೆ ಒಂಬತ್ತಕ್ಕಿಂತ ಮೊದಲು ಆರಂಭವಾಗಬಾರದೆಂದು ಆಜ್ಞೆ ಹೊರಡಿಸಿತು. ಚಿಕ್ಕ ಮಕ್ಕಳ ನಿದ್ರೆ ಸಾಲದಾಗುತ್ತಿದೆ ಎಂಬುದೇ ಅದಕ್ಕೆ ಕಾರಣವಾಗಿತ್ತು.

ಮಲಗುವ ಸ್ಥಳಕ್ಕೆ ಮೊಬೈಲನ್ನು ಒಯ್ಯಬಾರದು. ಅದರ ಬೆಳಕು ನಿದ್ರೆಯನ್ನು ಹಿಂದೆ ಸರಿಸುತ್ತದೆ. ಅದರೊಳಗಿನ ಆಟವು ಇನ್ನೂ ಹಿಂದೆ ಸರಿಸುತ್ತದೆ. ಪಾಟಿಚೀಲ ತುಂಬಿಡುವುದು, ಸಮವಸ್ತ್ರ ತೆಗೆದಿಡುವುದು, ಪೆನ್ನು ಹುಡುಕಿಡುವುದು ಇವೆಲ್ಲ ರಾತ್ರಿಯ ಕೆಲಸಗಳು. ಬೆಳಿಗ್ಗೆ ಅವನ್ನು ಹುಡುಕುವ ಮನೆಯಲ್ಲಿ ಗದ್ದಲವಿರುತ್ತದೆ, ಅಭ್ಯಾಸವಿರುವುದಿಲ್ಲ.

ಸೂರ್ಯನೂ ಗಡಿಯಾರವೂ

ವಾಗ್ಭಟನ ಅಷ್ಟಾಂಗಹೃದಯವೆಂಬ ವೈದ್ಯಗ್ರಂಥದಲ್ಲಿ ದಿನಚರ್ಯೆಗೆಂದೇ ಒಂದು ಅಧ್ಯಾಯವಿದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ವಿಧಿಯಿಂದಲೇ ಅದು ಆರಂಭವಾಗುತ್ತದೆ. ಆದರೆ ಏಳತಕ್ಕವನು ‘ಸ್ವಸ್ಥ’, ಎಂದರೆ ಆರೋಗ್ಯವಂತನು, ಎಂಬ ಮಾತನ್ನು ಅವನು ಸೇರಿಸಿದ್ದಾನೆ. ರೋಗಿಗೂ ದಣಿದವನಿಗೂ ಆ ಕಟ್ಟಳೆಯಿಲ್ಲ. ಹಾಗೆಯೇ ವ್ಯಾಯಾಮವನ್ನು ಶಕ್ತಿಯ ಅರ್ಧದಷ್ಟೇ ಮಾಡಬೇಕೆಂದು ಅವನ ಮತ. ನಮ್ಮ ಪೂರ್ವಿಕರು ಕಠೋರರಾಗಿರಲಿಲ್ಲ, ವಿವೇಕಿಗಳಾಗಿದ್ದರು.

ಇನ್ನು ಬ್ರಾಹ್ಮೀ ಮುಹೂರ್ತವು ಎಷ್ಟು ಗಂಟೆಗೆ? ಒಂದು ಮುಹೂರ್ತವೆಂದರೆ 48 ನಿಮಿಷ. ಸೂರ್ಯೋದಯಕ್ಕೆ ಎರಡು ಮುಹೂರ್ತ, ಅಂದರೆ 96 ನಿಮಿಷ ಮೊದಲು ಅದು ಆರಂಭವಾಗುತ್ತದೆ. ಗಡಿಯಾರದಲ್ಲಿ ಅದಕ್ಕೆ ಸ್ಥಿರವಾದ ಅಂಕಿಯಿಲ್ಲ. ನಮ್ಮ ಸೋಲಾಪುರ ಅಕ್ಕಲಕೋಟೆಗಳ ಸೀಮೆಯು ಸುಮಾರು 76 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಭಾರತೀಯ ಕಾಲಮಾನವಾದರೋ 82½ ಡಿಗ್ರಿಯ ರೇಖೆಯದು. ಒಂದು ಡಿಗ್ರಿಗೆ 4 ನಿಮಿಷದಂತೆ, ಗಡಿಯಾರಕ್ಕಿಂತ ನಮ್ಮ ಸೂರ್ಯನು ಸುಮಾರು 26 ನಿಮಿಷ ಹಿಂದಿದ್ದಾನೆ. ಅದರಿಂದ ಇಲ್ಲಿ ಜನವರಿಯಲ್ಲಿ ಸೂರ್ಯೋದಯವು ಏಳು ಗಂಟೆಯ ಸುಮಾರಿಗೆ, ಜೂನ್ ತಿಂಗಳಲ್ಲಿ ಐದೂ ಮುಕ್ಕಾಲರ ಸುಮಾರಿಗೆ ಆಗುತ್ತದೆ. ಜನವರಿಯ ಬ್ರಾಹ್ಮೀ ಮುಹೂರ್ತವು 5 ಗಂಟೆ 24 ನಿಮಿಷಕ್ಕೆ ಆರಂಭ. ಜೂನಿನದು 4 ಗಂಟೆ 9 ನಿಮಿಷಕ್ಕೆ. ನಾವು ಜನವರಿಯಲ್ಲಿ ಮಾಡಿದ ನಾಲ್ಕು ಗಂಟೆಯ ಅಪ್ಪಣೆಯು ವಾಗ್ಭಟನ ಲೆಕ್ಕದಲ್ಲಿಯೂ ಸುಮಾರು ಒಂದು ತಾಸು 24 ನಿಮಿಷ ಮೊದಲಾಗಿತ್ತು ಎಂಬುದನ್ನು ಓದುಗರು ಗಮನಿಸಬಹುದು.

ಸೂರ್ಯನಿಗೂ ನಮ್ಮ ದೇಹಕ್ಕೂ ಇರುವ ಈ ಸಂಬಂಧವನ್ನು ಆಧುನಿಕ ವಿಜ್ಞಾನವೂ ಸಮರ್ಥಿಸುತ್ತದೆ. ಜೀವಕೋಶಗಳೊಳಗೆ ಹಗಲಿರುಳಿನ ಲಯವನ್ನು ಕಾಯುವ ಗಡಿಯಾರವೊಂದಿದೆ. ಅದರ ರಚನೆಯನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕಣ್ಣಿಗೆ ಬೀಳುವ ಬೆಳಗಿನ ಬೆಳಕು ಈ ಗಡಿಯಾರಕ್ಕೆ ದಿನವೂ ಕೀಲಿ ಕೊಡುತ್ತದೆ. ಆದುದರಿಂದ ಎದ್ದ ಮೇಲೆ ಕತ್ತಲೆಯ ಕೋಣೆಯಲ್ಲಿ ಕುಳಿತುಕೊಳ್ಳದೆ, ಸೂರ್ಯೋದಯದ ಹೊತ್ತಿಗೆ ಅಂಗಳದಲ್ಲಿ ಹತ್ತು ಹದಿನೈದು ನಿಮಿಷ ಅಡ್ಡಾಡುವುದು ಒಳ್ಳೆಯದು. ಹಾಗೆ ಮಾಡಿದವನಿಗೆ ರಾತ್ರಿ ನಿದ್ರೆಯೂ ಹೊತ್ತಿಗೆ ಸರಿಯಾಗಿ ಬರುತ್ತದೆ.

ಎದ್ದ ಮೇಲೆ

ಶೌಚ, ಹಲ್ಲುಜ್ಜುವಿಕೆ, ಸ್ನಾನ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶೌಚದ ನಂತರವೂ ಊಟಕ್ಕೆ ಮೊದಲೂ ಸಾಬೂನಿನಿಂದ ಕೈ ತೊಳೆಯುವುದನ್ನು ಮಾತ್ರ ಮರೆಯಬಾರದು.

ಬರಿ ಚಹಾ ಕುಡಿದು ಶಾಲೆಗೆ ಬರುವ ಮಕ್ಕಳು ನಮ್ಮಲ್ಲಿ ಹಲವರಿದ್ದಾರೆ. ಚಹಾ ಆಹಾರವಲ್ಲ. ಊಟದೊಡನೆ ಕುಡಿದರೆ, ಕಾಳು ಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಹತ್ತದಂತೆಯೂ ಮಾಡುತ್ತದೆ. ಶಾಲೆಯ ಮಧ್ಯಾಹ್ನದ ಊಟದವರೆಗೆ ಬರಿಹೊಟ್ಟೆಯಲ್ಲಿರುವ ಮಗುವಿಗೆ ಯಾವ ಪಾಠವೂ ತಲೆಗೆ ಏರದು. ಹೊಸ ತಿಂಡಿಗಳು ಬೇಕಾಗಿಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಇದ್ದರೆ ಒಂದಿಷ್ಟು ಮೊಸರು. ಇದಕ್ಕಿಂತ ಉತ್ತಮವಾದ ಬೆಳಗಿನ ಆಹಾರವು ಪೇಟೆಯ ಪೊಟ್ಟಣಗಳಲ್ಲಿ ದೊರೆಯುವುದಿಲ್ಲ.

ಅಭ್ಯಾಸಕ್ಕೆ ಒಂದು ಕ್ರಮವನ್ನು ಸೂಚಿಸುತ್ತೇವೆ. ರಾತ್ರಿ ಓದಿದ್ದನ್ನು ಬೆಳಿಗ್ಗೆ ಪುಸ್ತಕ ಮುಚ್ಚಿ ಕಾಗದದ ಮೇಲೆ ಬರೆಯಿರಿ. ಬಂದಷ್ಟು ನಿಮ್ಮದು, ಬಾರದಷ್ಟನ್ನು ಪುಸ್ತಕ ತೆರೆದು ಮತ್ತೆ ನೋಡಿ. ಹೀಗೆ ಅರ್ಧ ತಾಸು ಮಾಡಿದ್ದು, ಸುಮ್ಮನೆ ಎರಡು ತಾಸು ಪುಟ ತಿರುವಿದ್ದಕ್ಕಿಂತ ಹೆಚ್ಚು ಫಲಕಾರಿ.

ಕೊನೆಗೆ ಹತ್ತು ನಿಮಿಷ ಕನ್ನಡವನ್ನು ಗಟ್ಟಿಯಾಗಿ ಓದಿರಿ. ನಮ್ಮ ಮಕ್ಕಳು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ಕಲಿಯುತ್ತಾರೆ. ಅದು ಹೆಮ್ಮೆಯ ಸಂಗತಿ. ಆದರೆ ಮನೆಯಿಂದ ಹೊರಬಿದ್ದರೆ ಬಸ್ಸಿನ ಫಲಕ, ಅಂಗಡಿಯ ಫಲಕ, ಕಚೇರಿಯ ಕಾಗದ ಎಲ್ಲವೂ ಬೇರೆ ಲಿಪಿಯವು. ಕನ್ನಡದ ಅಕ್ಷರವು ದಾರಿಯಲ್ಲಿ ತಾನಾಗಿ ಕಣ್ಣಿಗೆ ಬೀಳುವ ಅನುಕೂಲ ನಮಗಿಲ್ಲ. ಆ ಕೊರತೆಯನ್ನು ಮನೆಯ ಬೆಳಗೇ ತುಂಬಬೇಕು. ಓದು ಬಾರದ ತಾಯಿಯೂ ರೊಟ್ಟಿ ಬಡಿಯುತ್ತ ಕೇಳಬಲ್ಲಳು. ತಪ್ಪಿದ ಮಾತನ್ನು ತಿದ್ದಬಲ್ಲಳು.

ಪಾಲಕರಲ್ಲಿ ವಿನಂತಿ

ದಿನಚರಿಯು ಮಗುವೊಂದರಿಂದಲೇ ಆಗುವ ಕೆಲಸವಲ್ಲ, ಇಡೀ ಮನೆಯದು. ಮನೆಗೆಲಸ ಮಾಡಬಾರದೆಂದು ನಾವು ಹೇಳುವುದಿಲ್ಲ. ಅದು ಸಹ ವಿದ್ಯೆಯೇ. ಆದರೆ ಅದನ್ನು ಹಂಚಬೇಕು. ಮಗಳು ಅಂಗಳ ಗುಡಿಸುವಾಗ ಮಗನು ನೀರು ತಂದರೆ ಅವನ ಮಾನ ಹೋಗುವುದಿಲ್ಲ. ಇಬ್ಬರಿಗೂ ಅಭ್ಯಾಸಕ್ಕೆ ಸಮಯ ಉಳಿಯುತ್ತದೆ.

ಮೇಲೆ ಹೇಳಿದ ಮನೆಯಲ್ಲಿ ಹಾಗೆಯೇ ಆಯಿತು. ತಾಯಿಯು ನೀರಿನ ಕೆಲಸವನ್ನು ಮಗನಿಗೆ ವಹಿಸಿದರು. ರಾತ್ರಿಯ ಪಾತ್ರೆಗಳನ್ನು ಇಬ್ಬರೂ ಕೂಡಿ ತೊಳೆದರು. ಹುಡುಗಿಯು ಒಂಬತ್ತೂವರೆಗೆ ಮಲಗಿ ಐದೂವರೆಗೆ ಏಳತೊಡಗಿದಳು. ಅವಳು ವರ್ಗಕ್ಕೆ ಮೊದಲಿಗಳಾದಳೆಂದು ಬರೆದರೆ ಕತೆಯಾದೀತು, ಹಾಗೇನೂ ಆಗಲಿಲ್ಲ. ಗಣಿತದ ತಾಸಿನಲ್ಲಿ ಎಚ್ಚರವಾಗಿ ಕುಳಿತು ತಿಳಿಯದ್ದನ್ನು ಕೈಯೆತ್ತಿ ಕೇಳತೊಡಗಿದಳು. ನಮಗೆ ಅಷ್ಟು ಸಾಕಾಯಿತು.

ಹೊಸ ಕ್ರಮವನ್ನು ಒಂದೇ ದಿನದಲ್ಲಿ ಹೇರಬೇಡಿರಿ. ನಾಲ್ಕೈದು ದಿನಗಳಿಗೊಮ್ಮೆ ಮಲಗುವ ಹೊತ್ತನ್ನೂ ಏಳುವ ಹೊತ್ತನ್ನೂ ಹದಿನೈದು ನಿಮಿಷ ಹಿಂದಕ್ಕೆ ತನ್ನಿರಿ. ಆದಿತ್ಯವಾರವೂ ಒಂದು ತಾಸಿಗಿಂತ ಹೆಚ್ಚು ತಪ್ಪದಿರಲಿ.

ಆ ವರ್ಷದಿಂದ ಪ್ರಾರ್ಥನೆಯ ವೇಳೆಗೆ ಮಕ್ಕಳನ್ನು ‘ಎಷ್ಟಕ್ಕೆ ಎದ್ದಿರಿ?’ ಎಂದು ನಾವು ಕೇಳುವುದಿಲ್ಲ. ‘ನಿನ್ನೆ ಎಷ್ಟಕ್ಕೆ ಮಲಗಿದಿರಿ?’ ಎಂದು ಕೇಳುತ್ತೇವೆ. ಪಾಲಕರೂ ಅದನ್ನೇ ಕೇಳಬೇಕೆಂದು ನಮ್ಮ ಪ್ರಾರ್ಥನೆ.

ಅಭ್ಯಾಸ

1. ನಿಮ್ಮ ವಯಸ್ಸಿಗೆ ಬೇಕಾದ ನಿದ್ರೆಯ ಅವಧಿಯಿಂದ ನೀವು ಮಲಗಬೇಕಾದ ಹೊತ್ತನ್ನು ಲೆಕ್ಕಹಾಕಿರಿ.

2. ಪಂಚಾಂಗದಲ್ಲಿ ಈ ದಿನದ ಸೂರ್ಯೋದಯವನ್ನು ನೋಡಿ, ಬ್ರಾಹ್ಮೀ ಮುಹೂರ್ತವು ಎಷ್ಟು ಗಂಟೆಗೆ ಆರಂಭವಾಗುವುದೆಂದು ಕಂಡುಹಿಡಿಯಿರಿ.

3. ನಿಮ್ಮ ಮನೆಯ ಬೆಳಗಿನ ಕೆಲಸಗಳನ್ನೆಲ್ಲ ಬರೆದು, ಪ್ರತಿಯೊಂದರ ಮುಂದೆ ಅದನ್ನು ಮಾಡುವವರು ಯಾರೆಂದು ಬರೆಯಿರಿ. ಆ ಯಾದಿಯನ್ನು ಮನೆಯ ಹಿರಿಯರಿಗೆ ಓದಿ ಹೇಳಿರಿ.