ಒಂದೇ ರಕ್ತಪರೀಕ್ಷೆಗೆ ಬೇರೆ ಬೇರೆ ದರವೇಕೆ?

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಕೃಷಿಕ ಕುಟುಂಬಗಳಿಗೆ ದರದ ವ್ಯತ್ಯಾಸವೆಂಬುದು ಅಪರಿಚಿತವಾದ ವಿಷಯವಲ್ಲ. ಒಂದೇ ತೋಟದಲ್ಲಿ ಬೆಳೆದ ಅಡಿಕೆಯಾದರೂ ರಾಶಿಗೆ ಒಂದು ದರ, ಬೆಟ್ಟೆಗೆ ಒಂದು, ಚಾಲಿಗೆ ಒಂದು, ಕೆಂಪುಗೋಟಿಗೆ ಮತ್ತೊಂದು. ಮಾರುಕಟ್ಟೆಯ ಅಂಗಳದಲ್ಲಿ ಚೀಲ ಬಿಚ್ಚಿ, ನಾಲ್ಕು ಅಡಿಕೆಯನ್ನು ಕೈಯಲ್ಲಿ ಹಿಡಿದು ನೋಡಿದೊಡನೆ ಕೊಳ್ಳುವವನಿಗೂ ಮಾರುವವನಿಗೂ ವ್ಯತ್ಯಾಸದ ಕಾರಣ ತಿಳಿಯುತ್ತದೆ. ರಕ್ತಪರೀಕ್ಷೆಯ ವಿಷಯ ಹಾಗಲ್ಲ. ಚೀಟಿಯ ಮೇಲೆ ಬರೆದ ಹೆಸರು ಎಲ್ಲ ಕಡೆಯೂ ಒಂದೇ; ತೋಳಿನಿಂದ ತೆಗೆದ ರಕ್ತವೂ ಒಂದೇ; ಆದರೆ ಒಂದು ಪ್ರಯೋಗಾಲಯದಲ್ಲಿ ಕೇಳಿದ ಹಣದ ಎರಡರಷ್ಟನ್ನು ಅದೇ ಬೀದಿಯ ಇನ್ನೊಂದರಲ್ಲಿ ಕೇಳುವುದುಂಟು. ಚೀಲ ಬಿಚ್ಚಿ ನೋಡುವ ಅನುಕೂಲ ಇಲ್ಲಿಲ್ಲ. ಆದುದರಿಂದ ಆ ಹೆಸರಿನ ಹಿಂದೆ ಏನು ನಡೆಯುತ್ತದೆಂಬುದನ್ನು ಗೃಹಿಣಿಯರೂ ಮನೆಯ ಯಜಮಾನರೂ ಸ್ವಲ್ಪಮಟ್ಟಿಗಾದರೂ ಅರಿತಿರುವುದು ಅವಶ್ಯಕ.

ಹೆಸರು ಒಂದು, ವಿಧಾನ ಹಲವು

ಗರ್ಭಿಣಿಯರಿಗೆ ಮೇಲಿಂದ ಮೇಲೆ ಮಾಡಬೇಕಾದ ಹಿಮೋಗ್ಲೋಬಿನ್ ಪರೀಕ್ಷೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹಳೆಯದಾದ ಸಾಹ್ಲಿ ವಿಧಾನದಲ್ಲಿ ಗಾಜಿನ ನಳಿಕೆಯಲ್ಲಿರುವ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸ್ವಲ್ಪ ರಕ್ತವನ್ನು ಬೆರೆಸಿ, ಕೆಲವು ನಿಮಿಷ ಕಾದು, ಹನಿಹನಿಯಾಗಿ ನೀರು ಸೇರಿಸುತ್ತ, ಪಕ್ಕದ ಮಾದರಿ ಗಾಜಿನ ಕಂದು ಬಣ್ಣಕ್ಕೆ ಸರಿಹೊಂದುವವರೆಗೆ ಕಣ್ಣಿನಿಂದಲೇ ಹೋಲಿಸಲಾಗುತ್ತದೆ. ಇದಕ್ಕೆ ತಗಲುವ ಖರ್ಚು ಅತ್ಯಲ್ಪ. ಆದರೆ ಮಳೆಗಾಲದ ಮಬ್ಬು ಬೆಳಕಿನಲ್ಲಿ ಒಬ್ಬರ ಕಣ್ಣಿಗೆ 9 ಗ್ರಾಂ ಎಂದು ಕಂಡದ್ದು ಮತ್ತೊಬ್ಬರಿಗೆ 10 ಎಂದು ಕಾಣಬಹುದು. ಎರಡನೆಯದು, ಬೆರಳ ತುದಿಯ ಒಂದು ಹನಿಯನ್ನು ಪಟ್ಟಿಯ ಮೇಲೆ ಹಾಕಿ ಅಂಕಿಯನ್ನು ಓದುವ ಚಿಕ್ಕ ಉಪಕರಣ. ಮೂರನೆಯದು, ಹಿಮೋಗ್ಲೋಬಿನ್ನಿನ ಜೊತೆಗೆ ಕೆಂಪು ಕಣ, ಬಿಳಿ ಕಣ, ಕಿರುಬಿಲ್ಲೆ ಇವೆಲ್ಲವನ್ನೂ ಏಕಕಾಲಕ್ಕೆ ಎಣಿಸುವ ಸ್ವಯಂಚಾಲಿತ ಯಂತ್ರ. ಆ ಯಂತ್ರಗಳಲ್ಲಿಯೂ ಬಿಳಿ ಕಣಗಳನ್ನು ಮೂರು ಬಗೆಯಾಗಿ ಬೇರ್ಪಡಿಸುವವು ಕೆಲವು, ಐದು ಬಗೆಯಾಗಿ ಬೇರ್ಪಡಿಸುವವು ಕೆಲವು. ಎರಡನೆಯದರ ಬೆಲೆಯೂ ಅದು ಕುಡಿಯುವ ರಾಸಾಯನಿಕಗಳ ಬೆಲೆಯೂ ಅಧಿಕ.

ಇದೇ ರೀತಿ ಥೈರಾಯ್ಡ್ ಪರೀಕ್ಷೆ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ, ಡೆಂಗಿ ಪರೀಕ್ಷೆ ಇವುಗಳಿಗೂ ಒಂದಕ್ಕಿಂತ ಹೆಚ್ಚು ವಿಧಾನಗಳಿವೆ. ದರ ಕೇಳುವಾಗ ವಿಧಾನವನ್ನೂ ಕೇಳದಿದ್ದರೆ ಚಾಲಿಯ ದರವನ್ನು ರಾಶಿಯ ದರದೊಡನೆ ಹೋಲಿಸಿದಂತಾಗುತ್ತದೆ.

ಮಾದರಿಗಳ ಸಂಖ್ಯೆ ಮತ್ತು ಖರ್ಚು

ವಿಧಾನ ಒಂದೇ ಆಗಿದ್ದರೂ ದರ ಬೇರೆಯಾಗುವುದಕ್ಕೆ ಮುಖ್ಯ ಕಾರಣ ಪ್ರತಿದಿನ ಬರುವ ಮಾದರಿಗಳ ಸಂಖ್ಯೆ. ಒಳ್ಳೆಯ ಪ್ರಯೋಗಾಲಯವು ಬೆಳಿಗ್ಗೆ ರೋಗಿಗಳ ರಕ್ತವನ್ನು ಮುಟ್ಟುವ ಮೊದಲು, ಮೌಲ್ಯವು ಮೊದಲೇ ತಿಳಿದಿರುವ ಕಂಟ್ರೋಲ್ ದ್ರಾವಣವನ್ನು ಯಂತ್ರಕ್ಕೆ ಕೊಟ್ಟು ಉತ್ತರ ಸರಿಯಾಗಿ ಬರುವುದೇ ಎಂದು ಪರೀಕ್ಷಿಸುತ್ತದೆ. ರಾಸಾಯನಿಕಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಾಪಾಡಬೇಕು. ಗಾಳಿಮಳೆಗೆ ವಿದ್ಯುತ್ ಹೋದಾಗಲೂ ಆ ತಂಪು ಉಳಿಯುವಂತೆ ಬ್ಯಾಟರಿ ಇಲ್ಲವೆ ಜನರೇಟರ್ ಬೇಕು. ಮಲೆನಾಡಿನಲ್ಲಿ ಇದು ಸಣ್ಣ ಖರ್ಚಲ್ಲ. ತಂತ್ರಜ್ಞರ ಸಂಬಳ, ವರದಿಗೆ ಹೊಣೆಯಾಗುವ ತಜ್ಞ ವೈದ್ಯರ ಶುಲ್ಕ, ಸೂಜಿ ಮತ್ತು ರಕ್ತಸಿಕ್ತ ತ್ಯಾಜ್ಯದ ವಿಲೇವಾರಿ ಇವೂ ಸೇರುತ್ತವೆ. ಈ ಖರ್ಚು ದಿನಕ್ಕೆ 2000 ರೂಪಾಯಿ ಎಂದು ಭಾವಿಸೋಣ. ಆ ದಿನ 20 ಮಾದರಿಗಳು ಬಂದರೆ ಪ್ರತಿಯೊಂದರ ಮೇಲೆ 100 ರೂಪಾಯಿ ಬೀಳುತ್ತದೆ. 200 ಬಂದರೆ 10 ರೂಪಾಯಿ ಮಾತ್ರ. ಹುಬ್ಬಳ್ಳಿಯಂತಹ ನಗರದ ದೊಡ್ಡ ಪ್ರಯೋಗಾಲಯವು ತಾಲ್ಲೂಕು ಕೇಂದ್ರದ ಪುಟ್ಟ ಪ್ರಯೋಗಾಲಯಕ್ಕಿಂತ ಅಗ್ಗವಾಗಿ ಕೊಡಬಲ್ಲುದು ಈ ಲೆಕ್ಕದಿಂದಲೇ ಹೊರತು, ಸಿದ್ದಾಪುರದವರು ಹೆಚ್ಚು ದುರಾಸೆಯವರೆಂಬ ಕಾರಣದಿಂದಲ್ಲ.

ಎಲೈಸಾ ಎಂಬ ವಿಧಾನದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅದರ ತಟ್ಟೆಯಲ್ಲಿ 96 ಗುಳಿಗಳಿರುತ್ತವೆ. ಒಬ್ಬರ ರಕ್ತವನ್ನೇ ಪರೀಕ್ಷಿಸುವುದಾದರೂ ಕೆಲವು ಗುಳಿಗಳನ್ನು ಕಂಟ್ರೋಲಿಗಾಗಿ ವ್ಯಯಿಸಲೇಬೇಕು. ಆದುದರಿಂದ ಸಣ್ಣ ಪ್ರಯೋಗಾಲಯವು ಹಲವು ಮಾದರಿಗಳು ಕೂಡುವವರೆಗೆ ಕಾಯುತ್ತದೆ, ಇಲ್ಲವೆ ದೂರದ ನಗರಕ್ಕೆ ಕಳುಹಿಸುತ್ತದೆ. ಹೀಗೆ ಕಳುಹಿಸುವಲ್ಲಿ ಮಾದರಿ ಸಂಗ್ರಹಿಸುವವನ ಪಾಲು, ಸಾಗಣೆಯ ವೆಚ್ಚ, ಪರೀಕ್ಷಿಸುವವನ ದರ ಮೂರೂ ಕೂಡಿ ಚೀಟಿಯ ಮೊತ್ತವಾಗುತ್ತದೆ.

ದುಬಾರಿಯಾದದ್ದೆಲ್ಲ ಉತ್ತಮವೆಂದು ಇದರಿಂದ ತಿಳಿಯಬಾರದು. ರಕ್ತದಲ್ಲಿನ ಸಕ್ಕರೆಯನ್ನು ನೋಡಿ. ತೆಗೆದ ರಕ್ತವನ್ನು ಬೇರ್ಪಡಿಸದೆ ಹಾಗೆಯೇ ಇಟ್ಟರೆ ಅದರಲ್ಲಿನ ಜೀವಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಗರ್ಭಿಣಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದಾಗ 140 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಗರ್ಭಕಾಲದ ಸಕ್ಕರೆ ಕಾಯಿಲೆಯೆಂದು ನಮ್ಮ ದೇಶದ ಮಾರ್ಗಸೂಚಿ ಹೇಳುತ್ತದೆ. ನಿಜವಾಗಿ 160 ಇದ್ದ ತಾಯಿಯ ರಕ್ತವು ಸಾಧಾರಣ ನಳಿಕೆಯಲ್ಲಿ ನಾಲ್ಕು ಗಂಟೆ ಪ್ರಯಾಣ ಮಾಡಿದರೆ 130ರ ಸುಮಾರಿಗೆ ಇಳಿದು, ವರದಿಯಲ್ಲಿ ‘ಸರಿಯಾಗಿದೆ’ ಎಂದು ಬರಬಹುದು. ಫ್ಲೋರೈಡ್ ಇರುವ ಬೂದುಬಣ್ಣದ ಮುಚ್ಚಳದ ನಳಿಕೆಯಲ್ಲಿ ತೆಗೆದರೆ, ಅಥವಾ ಕೂಡಲೇ ಯಂತ್ರದಲ್ಲಿ ತಿರುಗಿಸಿ ದ್ರವವನ್ನು ಬೇರ್ಪಡಿಸಿದರೆ, ಈ ದೋಷವು ಬಹುಮಟ್ಟಿಗೆ ತಪ್ಪುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಥಳದಲ್ಲಿಯೇ ಉಚಿತವಾಗಿ ಮಾಡಿದ ಪರೀಕ್ಷೆಯು ನೂರು ಕಿಲೋಮೀಟರ್ ದೂರ ಹೋಗಿ ಬಂದ ಪರೀಕ್ಷೆಗಿಂತ ಹೆಚ್ಚು ನಂಬಲರ್ಹವಾಗುವ ಸಂದರ್ಭಗಳಲ್ಲಿ ಇದೂ ಒಂದು.

ಸಮರ್ಥನೀಯವಲ್ಲದ ಕಾರಣಗಳು

ಮೇಲೆ ಹೇಳಿದವೆಲ್ಲ ನ್ಯಾಯವಾದ ಕಾರಣಗಳು. ನ್ಯಾಯವಲ್ಲದವೂ ಇವೆ. ಪರೀಕ್ಷೆಗೆ ಕಳುಹಿಸಿದವರಿಗೆ ಪಾಲು ಕೊಡುವ ಪದ್ಧತಿಯು ಅವುಗಳಲ್ಲಿ ಮೊದಲನೆಯದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆಯ ನಿಯಮಗಳು ಇಂತಹ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿವೆ. ಆದರೂ ಆ ಪಾಲು ಎಲ್ಲಿ ನಡೆಯುತ್ತದೆಯೋ ಅಲ್ಲಿ ಅದು ರೋಗಿಯ ಚೀಟಿಯ ಮೊತ್ತದಲ್ಲಿಯೇ ಅಡಗಿರುತ್ತದೆ. ಎರಡನೆಯದು ‘ಪ್ಯಾಕೇಜ್’. ಮೂವತ್ತು, ನಲವತ್ತು, ಅರವತ್ತು ಪರೀಕ್ಷೆಗಳು ಇಷ್ಟೇ ಹಣಕ್ಕೆ ಎಂಬ ಜಾಹೀರಾತು ಅಗ್ಗವೆಂದು ತೋರುತ್ತದೆ. ಆದರೆ ಒಂದು ರಕ್ತಕಣ ಯಂತ್ರದ ಒಂದೇ ಓಟದಲ್ಲಿ ಬರುವ ಹತ್ತು ಹದಿನೈದು ಅಂಕಿಗಳನ್ನು ಅಷ್ಟೇ ಸಂಖ್ಯೆಯ ಪರೀಕ್ಷೆಗಳೆಂದು ಎಣಿಸಿರುವುದು ಅಲ್ಲಿ ಸಾಮಾನ್ಯ. ಬೇಡದ ಪರೀಕ್ಷೆಗಳ ರಾಶಿಯಲ್ಲಿ ಯಾವುದಾದರೊಂದು ಅಂಕಿ ಗೆರೆಯಿಂದ ತುಸು ಆಚೆ ಬಿದ್ದರೆ ಮನೆಯವರಿಗೆಲ್ಲ ಚಿಂತೆ, ಮತ್ತೊಂದು ಪರೀಕ್ಷೆ, ಮತ್ತೊಂದು ಪ್ರಯಾಣ.

ದರವು ಕಲ್ಲಿನಲ್ಲಿ ಕೊರೆದದ್ದಲ್ಲವೆಂಬುದಕ್ಕೆ ಇತ್ತೀಚಿನ ನಿದರ್ಶನಗಳಿವೆ. ಕೋವಿಡ್ ಆರ್‌ಟಿ-ಪಿಸಿಆರ್ ಪರೀಕ್ಷೆಗೆ 2020ರ ಮಾರ್ಚ್ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ವಿಧಿಸಿದ ಗರಿಷ್ಠ ಮಿತಿ 4500 ರೂಪಾಯಿ. ಕಿಟ್‌ಗಳು ಯಥೇಚ್ಛವಾಗಿ ದೊರೆತು ಮಾದರಿಗಳ ಸಂಖ್ಯೆ ಹೆಚ್ಚಿದಂತೆ, ಅದೇ ವರ್ಷದ ಡಿಸೆಂಬರ್ ವೇಳೆಗೆ ಕರ್ನಾಟಕದ ಖಾಸಗಿ ಪ್ರಯೋಗಾಲಯಗಳಲ್ಲಿ ಆ ದರ 800 ರೂಪಾಯಿಗೆ ಇಳಿಯಿತು. 2024ರ ಜುಲೈ ತಿಂಗಳಲ್ಲಿ ಡೆಂಗಿ ಹೆಚ್ಚಿದಾಗ ರಾಜ್ಯ ಸರ್ಕಾರವು ಎನ್‌ಎಸ್-1 ಎಲೈಸಾಕ್ಕೆ 300, ಐಜಿಎಂ ಎಲೈಸಾಕ್ಕೆ 300, ಕಾರ್ಡಿನ ತ್ವರಿತ ಪರೀಕ್ಷೆಗೆ 250 ರೂಪಾಯಿಗಳೆಂದು ಮಿತಿಗೊಳಿಸಿತು. ಆದರೆ ಸಾಮಾನ್ಯ ರಕ್ತಪರೀಕ್ಷೆಗಳಿಗೆ ಇಂತಹ ಮಿತಿ ಸಾಧಾರಣವಾಗಿ ಇಲ್ಲ. ಅವುಗಳ ವಿಷಯದಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವು ರೋಗಿಯ ಕೈಗೆ ಕೊಟ್ಟಿರುವ ಸಾಧನವೆಂದರೆ ದರಪಟ್ಟಿ. ಪ್ರಯೋಗಾಲಯಗಳೂ ಈ ಅಧಿನಿಯಮಕ್ಕೆ ಒಳಪಟ್ಟಿದ್ದು, ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕತಕ್ಕದ್ದು. ಸೂಜಿ ಚುಚ್ಚಿಸಿಕೊಳ್ಳುವ ಮೊದಲೇ ಪಟ್ಟಿಯನ್ನು ನೋಡುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಚುಚ್ಚಿಸಿಕೊಂಡ ಮೇಲೆ ಕೇಳುವುದು ಬೆಳೆ ಮಾರಿದ ಮೇಲೆ ತೂಕ ಕೇಳಿದಂತೆ. ದೂರುಗಳಿದ್ದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಸಲ್ಲಿಸಬಹುದು.

ಹಣ ಕೊಡಬೇಕಾಗಿಲ್ಲದ ಪರೀಕ್ಷೆಗಳು

ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು 2011ರಲ್ಲಿ ಆರಂಭವಾದಂದಿನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೂ ಕಾಯಿಲೆಯ ಶಿಶುಗಳಿಗೂ ಅವಶ್ಯಕ ಪರೀಕ್ಷೆಗಳು ಉಚಿತ. ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಮೂತ್ರ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್-ಬಿ ಇವು ಇದರಲ್ಲಿ ಸೇರುತ್ತವೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಉಚಿತ ರೋಗನಿರ್ಣಯ ಸೇವೆಯ ಮಾರ್ಗಸೂಚಿಯು ಉಪಕೇಂದ್ರಕ್ಕೆ 14, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 63, ಸಮುದಾಯ ಆರೋಗ್ಯ ಕೇಂದ್ರಕ್ಕೆ 97 ಪರೀಕ್ಷೆಗಳನ್ನು ಗೊತ್ತುಪಡಿಸಿದೆ. ಎಲ್ಲ ಕೇಂದ್ರಗಳಲ್ಲಿಯೂ ಎಲ್ಲ ದಿನಗಳಲ್ಲಿಯೂ ಅಷ್ಟೂ ದೊರೆಯುತ್ತವೆಂದು ಹೇಳಿದರೆ ಓದುವವರು ನಗುವರು. ರಾಸಾಯನಿಕ ತೀರಿಹೋಗಿರಬಹುದು, ತಂತ್ರಜ್ಞರು ರಜೆಯಲ್ಲಿರಬಹುದು. ಬಸ್ಸಿಗೆ ಹಣ ಕೊಟ್ಟು, ಒಂದು ದಿನದ ಕೂಲಿಯನ್ನು ಕಳೆದುಕೊಂಡು ಬಂದು ಬರಿಗೈಯಲ್ಲಿ ಹಿಂದಿರುಗಿದವರಿಗೆ ಉಚಿತ ಪರೀಕ್ಷೆಯೂ ದುಬಾರಿಯೇ. ಆದುದರಿಂದ ಹೊರಡುವ ಮುನ್ನ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿಕೊಳ್ಳುವುದು ಒಳಿತು. ಪ್ರತಿ ತಿಂಗಳ 9ನೆಯ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನವಾದ್ದರಿಂದ ಅಂದು ವೈದ್ಯರ ತಪಾಸಣೆಯೂ ಪರೀಕ್ಷೆಗಳೂ ಒಟ್ಟಿಗೆ ದೊರೆಯುವ ಸಂಭವ ಹೆಚ್ಚು.

ಸಿದ್ದಾಪುರದ ಕಡೆಯವರಿಗೆ ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿಯೂ ಕಾಣಿಸಿಕೊಂಡಿತು. ಚಳಿಗಾಲದಿಂದ ಮಳೆ ಬೀಳುವವರೆಗೆ, ದರಕಿಗೂ ಸೌದೆಗೂ ಕಾಡಿಗೆ ಹೋಗಿಬಂದವರಿಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದಾಗ, ಪೇಟೆಯಲ್ಲಿ ಡೆಂಗಿ, ವಿಷಮಶೀತ ಜ್ವರ, ಮಲೇರಿಯಾ, ಕಿರುಬಿಲ್ಲೆಗಳ ಎಣಿಕೆ ಎಂದು ಒಂದರ ಮೇಲೊಂದು ಪರೀಕ್ಷೆ ಮಾಡಿಸಿ ಹಣವನ್ನೂ, ಅದಕ್ಕಿಂತ ಅಮೂಲ್ಯವಾದ ಮೂರು ನಾಲ್ಕು ದಿನಗಳನ್ನೂ ಕಳೆಯುವುದುಂಟು. ಯಾವ ದರಪಟ್ಟಿಯಲ್ಲಿ ಹುಡುಕಿದರೂ ಸಾಮಾನ್ಯವಾಗಿ ಬೇಕಾದ ಆ ಪರೀಕ್ಷೆ ಕಾಣದು. ಕಿರುಬಿಲ್ಲೆಗಳು ಕಡಿಮೆಯಾಗುವುದು ಡೆಂಗಿಯಲ್ಲಿಯೂ ಉಂಟು, ಮಂಗನ ಕಾಯಿಲೆಯಲ್ಲಿಯೂ ಉಂಟು. ಆ ಅಂಕಿಯೊಂದರಿಂದ ಎರಡನ್ನೂ ಬೇರ್ಪಡಿಸಲಾಗದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಡಿಗೆ ಹೋಗಿದ್ದ ಸಂಗತಿಯನ್ನು, ಸತ್ತ ಮಂಗ ಕಂಡಿದ್ದರೆ ಅದನ್ನೂ, ಉಣುಗು ಕಚ್ಚಿದ್ದರೆ ಅದನ್ನೂ ತಿಳಿಸಿದರೆ, ರಕ್ತದ ಮಾದರಿಯನ್ನು ಸರ್ಕಾರದ ಪ್ರಯೋಗಾಲಯಕ್ಕೆ ಕಳುಹಿಸಿ ಉಚಿತವಾಗಿ ಪರೀಕ್ಷಿಸಲಾಗುತ್ತದೆ. ಜ್ವರದ ಮೊದಲ ದಿನಗಳಲ್ಲಿ ತೆಗೆದ ಮಾದರಿಯಲ್ಲಿ ವೈರಾಣು ಸುಲಭವಾಗಿ ಸಿಕ್ಕುವುದರಿಂದ ತಡಮಾಡಬಾರದು.

ಎರಡನೆಯ ಪರೀಕ್ಷೆ

ಕೊನೆಯದಾಗಿ ಮತ್ತೆ ಹಿಮೋಗ್ಲೋಬಿನ್ನಿಗೆ ಬರೋಣ. ಗರ್ಭಿಣಿಯಲ್ಲಿ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. 7ಕ್ಕಿಂತ ಕಡಿಮೆಯಾದರೆ ಅದು ತೀವ್ರ ಸ್ವರೂಪದ್ದಾಗಿದ್ದು ಆಸ್ಪತ್ರೆಯ ಚಿಕಿತ್ಸೆ ಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಕ್ರಮವಾಗಿ ಸೇವಿಸಿದರೆ ಒಂದು ತಿಂಗಳಲ್ಲಿ 1 ಗ್ರಾಂನಷ್ಟಾದರೂ ಏರಬೇಕು. ಏರದಿದ್ದರೆ ಕಾರಣವನ್ನು ಹುಡುಕಬೇಕು. ಈಗ ಹೀಗೆ ಆಗುವುದನ್ನು ಊಹಿಸಿ. ತವರಿಗೆ ಬಂದ ಮಗಳಿಗೆ ಯಲ್ಲಾಪುರದಲ್ಲಿ ಕಣ್ಣಳತೆಯ ವಿಧಾನದಿಂದ 9 ಎಂದು ಬಂತು. ಒಂದು ತಿಂಗಳು ಮಾತ್ರೆ ನುಂಗಿದಳು, ಇಲ್ಲವೆ ಹೊಟ್ಟೆ ತೊಳಸುತ್ತದೆಂದು ಅರ್ಧ ಬಿಟ್ಟಳು. ಮುಂದಿನ ತಿಂಗಳು ಗಂಡನ ಮನೆಯವರು ದರ ಕಡಿಮೆಯೆಂದು ಬೇರೊಂದು ಕಡೆ ಯಂತ್ರದಿಂದ ಮಾಡಿಸಿದಾಗ 10 ಬಂತು. ಏರಿದ್ದು ರಕ್ತವೋ, ಬದಲಾದದ್ದು ವಿಧಾನವೋ? ವೈದ್ಯರು ಕೂಡ ಹೇಳಲಾರರು. ಮಾತ್ರೆ ಫಲಿಸಿತೆಂದು ಎಲ್ಲರೂ ಸಮಾಧಾನಗೊಂಡರೆ, ಹೆರಿಗೆಯ ರಕ್ತಸ್ರಾವದ ಹೊತ್ತಿಗೆ ಆ ತಾಯಿಯ ಶರೀರದಲ್ಲಿ ತಾಳಿಕೊಳ್ಳುವಷ್ಟು ರಕ್ತ ಇಲ್ಲದೆ ಹೋಗಬಹುದು.

ಆದುದರಿಂದ ಮೊದಲ ಪರೀಕ್ಷೆಗೆ ಎಲ್ಲಿ, ಎಷ್ಟು ಕೊಟ್ಟರೂ ಸರಿಯೇ. ಎರಡನೆಯದನ್ನೂ ಮೂರನೆಯದನ್ನೂ ಅಲ್ಲಿಯೇ, ಅದೇ ವಿಧಾನದಲ್ಲಿ ಮಾಡಿಸತಕ್ಕದ್ದು. ಗರ್ಭಾವಸ್ಥೆಯಲ್ಲಿ ಕನಿಷ್ಠ ನಾಲ್ಕು ಬಾರಿಯಾದರೂ ಈ ಪರೀಕ್ಷೆ ಆಗಬೇಕಾದ್ದರಿಂದ, ಒಂದೇ ಸಾರಿ ದೊಡ್ಡ ಪ್ಯಾಕೇಜಿಗೆ ಹಣ ಸುರಿದು ಮುಂದಿನ ಮೂರನ್ನು ಬಿಡುವುದಕ್ಕಿಂತ, ನಾಲ್ಕು ಬಾರಿಯೂ ಸುಲಭವಾಗಿ ಹೋಗಿಬರಬಹುದಾದ ಹತ್ತಿರದ ಕೇಂದ್ರವನ್ನು ಆರಿಸಿಕೊಳ್ಳುವುದು ಲೇಸು. ಹಳೆಯ ವರದಿಗಳನ್ನು ತಾಯಿ ಕಾರ್ಡಿನೊಳಗೆ ದಿನಾಂಕದ ಕ್ರಮದಲ್ಲಿ ಇಟ್ಟು, ಮಳೆಗಾಲದ ತೇವ ತಗಲದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಹೆರಿಗೆಗೆ ಹೊರಡುವಾಗ ಬಟ್ಟೆಯ ಗಂಟಿನೊಡನೆ ಆ ಚೀಲವೂ ಜೊತೆಗಿರಲಿ.